ಪುಟ್ಟಿಯ ಪಿಟೀಲು ಪಾಠ: ಮನೆಮಂದಿಯ ಗುಂಪಿನಲ್ಲಿ ನಡೆದ ಚರ್ಚೆ

ಸುಮಾ (ಶಿವಮೊಗ್ಗ): ಎಲ್ಲರಿಗೂ ನಮಸ್ಕಾರ. ವಿನೋಬನಗರದಲ್ಲಿ ಮನೆಯಲ್ಲೇ ಪಿಟೀಲು ಪಾಠ ಹೇಳುವವರೊಬ್ಬರ ಪರಿಚಯಪತ್ರವನ್ನು ಮೇಲೆ ಹಾಕಿದ್ದೇನೆ. ಅವರು ಮೊದಲು ಬೆಂಗಳೂರಿನಲ್ಲಿ ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತು, ಅನಂತರ ಕರ್ನಾಟಕ ಸಂಗೀತಕ್ಕೆ ಬಂದು ವಿದ್ವತ್ ಪರೀಕ್ಷೆ ಮುಗಿಸಿದ್ದಾರೆ. ಒಬ್ಬೊಬ್ಬರಿಗೇ ಅರ್ಧ ಗಂಟೆ ಪಾಠ, ಮೊದಲ ವರ್ಷ ಪರೀಕ್ಷೆಯ ಮಾತಿಲ್ಲ, ಮಗುವಿನ ಜೊತೆ ಮನೆಯವರೊಬ್ಬರು ಕುಳಿತಿರಬೇಕು ಎಂಬುದು ಅವರ ಕ್ರಮ. ಪುಟ್ಟಿಯನ್ನು ಸೇರಿಸೋಣವೆಂದಿದ್ದೇವೆ, ಅಭಿಪ್ರಾಯ ತಿಳಿಸಿ.

ದೊಡ್ಡಪ್ಪ (ಸಾಗರ): ಪತ್ರವನ್ನು ಪೂರ್ತಿ ಓದಿದೆ. ಗುರು ಯಾರು, ಯಾವ ಪರಂಪರೆ ಎಂಬುದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ನಿಂತುಕೊಂಡು, ಗಲ್ಲಕ್ಕೆ ಒತ್ತಿ ನುಡಿಸಿ ರೂಢಿಯಾದ ಕೈಗೆ ತೋಡಿ ರಾಗದ ಓಲಾಡುವ ಗಾಂಧಾರ ಸ್ವರ ಒಲಿಯುವುದು ಹೇಗೆ? ಇನ್ನು ಸಂಗೀತದ ಮೊದಲ ಹಂತದ ಜೂನಿಯರ್ ಪರೀಕ್ಷೆಯ ಗುರಿ ಇಲ್ಲದಿದ್ದರೆ ಮಕ್ಕಳು ಸರಳೆ ವರಸೆಯ ಆರಂಭದ ಸ್ವರಾಭ್ಯಾಸದಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ.

ಶ್ರೀಧರ (ತೀರ್ಥಹಳ್ಳಿ): ದೊಡ್ಡಪ್ಪ, ಪರಂಪರೆಯ ಮಾತಿಗೆ ನನ್ನ ತಕರಾರಿದೆ. ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕರೊಬ್ಬರಲ್ಲಿ ಕಲಿತೇ ಪಿಟೀಲನ್ನು ನಮ್ಮ ರಾಗಗಳಿಗೆ ಒಗ್ಗಿಸಿದವರು. ನೀವು ಸದಾ ಕೊಂಡಾಡುವ ಪಿಟೀಲು ವಿದ್ವಾಂಸ ಮೈಸೂರು ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಹೆಸರಾದದ್ದು ಗಾಯಕರೆಂದು. ಹಿಡಿತದ ಬಗ್ಗೆ ನಿಮ್ಮ ಸಂಶಯ ಮಾತ್ರ ನ್ಯಾಯವಾದದ್ದು. ನೆಲದ ಮೇಲೆ ಕುಳಿತು ಪಿಟೀಲಿನ ಸುರುಳಿ ತುದಿಯನ್ನು ಬಲ ಪಾದದ ಗಿಣ್ಣಿಗೆ ಆನಿಸಿದರೆ ವಾದ್ಯದ ಭಾರ ಎಡಗೈ ಮೇಲೆ ಬೀಳದೆ, ಗಮಕಕ್ಕೆ, ಎಂದರೆ ಸ್ವರವನ್ನು ಓಲಾಡಿಸುವುದಕ್ಕೆ, ಬೆರಳು ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ. ಇವರು ಹಾಗೆಯೇ ಕೂರಿಸುತ್ತಾರೆಂದು ಪತ್ರದ ಎರಡನೆಯ ಪುಟದಲ್ಲಿದೆ. ತಂತಿಗಳನ್ನೂ ನಮ್ಮ ಷಡ್ಜ-ಪಂಚಮಗಳಿಗೆ, ಸ-ಪ-ಸ-ಪ ಎಂದೇ ಶ್ರುತಿ ಮಾಡಿಸುತ್ತಾರೆ. ಮೊದಲ ಕೆಲವು ವಾರ ಎಡಗೈಗೆ ಕೆಲಸವೇ ಇಲ್ಲ, ಬರಿಯ ತಂತಿಯ ಮೇಲೆ ಕಮಾನನ್ನು ಬುಡದಿಂದ ತುದಿಯವರೆಗೆ ಅಲುಗದಂತೆ ಎಳೆಯುವುದಷ್ಟೇ. ಆಮೇಲೆ ಮಾಯಾಮಾಳವಗೌಳ ರಾಗದ ಸರಳೆಯನ್ನು ಮಗು ಬಾಯಲ್ಲಿ ಹಾಡಿ ತೋರಿಸದ ಹೊರತು ಬೆರಳಿಡಲು ಬಿಡುವುದಿಲ್ಲವಂತೆ. ನನಗೆ ಹಿಡಿಸಿದ್ದು ಇದೇ. ಪ್ರಮಾಣಪತ್ರ ನೋಡಿ ಗುರುವನ್ನು ಆರಿಸುವುದಕ್ಕಿಂತ, ಮೊದಲ ತಿಂಗಳುಗಳಲ್ಲಿ ಮಗುವಿನ ಕೈ, ಕಿವಿಗಳಿಗೆ ಅವರು ಏನು ಮಾಡಿಸುತ್ತಾರೆ ಎಂದು ನೋಡುವುದು ಮೇಲು.

ಚಿಕ್ಕಮ್ಮ (ಹೊಸನಗರ): ಮನೆಯವರು ಕೂರಬೇಕೆನ್ನುವುದು ಜಪಾನಿನ ಸುಜುಕಿಯವರ ಪಿಟೀಲು ಪಾಠದ ಪದ್ಧತಿಯಲ್ಲೂ ಇದೆ, ತಪ್ಪೇನಲ್ಲ. ಎಂಟು ವರ್ಷದ ಮಗುವಿಗೆ ದೊಡ್ಡವರ ಅಳತೆಯ ಪಿಟೀಲು ಕೊಡಿಸಬೇಡಿ, ತೋಳು ಅಳೆದು ಅರ್ಧ ಅಳತೆಯದನ್ನೋ ಸರಿಹೊಂದುವುದನ್ನೋ ಆ ಗುರುಗಳೇ ಹೇಳಲಿ. ನಮ್ಮ ಕಡೆಯ ಜಡಿಮಳೆಯಲ್ಲಿ ತಂತಿ ಬಿಗಿಯುವ ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಬಲವಂತವಾಗಿ ತಿರುಗಿಸಿದರೆ ತಂತಿ ಕಿತ್ತುಬರುತ್ತದೆ.

ದೊಡ್ಡಪ್ಪ: ಬಾಲುಸ್ವಾಮಿಗಳ ಮಾತನ್ನು ಒಪ್ಪಿದೆ. ಆದರೆ ಕಲಿಸುವವರ ಕೈಯನ್ನು ಕೇಳದೆ ಮಗುವನ್ನು ಒಪ್ಪಿಸುವುದು ನನಗೆ ಸರಿಕಾಣದು. ಅಟ್ಟತಾಳದ ಒಂದು ವರ್ಣವನ್ನು, ಕೈಚಳಕ ಬೇಡುವ ಆ ರಚನೆಯನ್ನು, ನಿಧಾನ ಮತ್ತು ದುಪ್ಪಟ್ಟು ವೇಗದ ಎರಡು ಕಾಲದಲ್ಲಿ ನುಡಿಸಿ ತೋರಿಸಲಿ.

ಸುಮಾ: ದೊಡ್ಡಪ್ಪ, ಪಾಠ ಕೇಳಲು ಹೋದವರು ಗುರುಗಳಿಗೇ ಪರೀಕ್ಷೆ ಒಡ್ಡಿದರೆ ಚೆನ್ನಾಗಿರುವುದಿಲ್ಲ. ಬೇರೆ ಮಗುವಿನ ಪಾಠವೊಂದನ್ನು ಕುಳಿತು ನೋಡಲು ಭಾನುವಾರ ಬರಬಹುದೆಂದು ಅವರೇ ಹೇಳಿದ್ದಾರೆ. ನೀವೂ ಬನ್ನಿ, ಆದರೆ ವರ್ಣ ಕೇಳಬೇಡಿ.

ದೊಡ್ಡಪ್ಪ: ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಾನಾಗಿ ಕೇಳುವುದಿಲ್ಲ, ಅವರಾಗಿ ನುಡಿಸಿದರೆ ಬೇಡವೆನ್ನಲಾರೆ.