ಗುಜರಿಯಲ್ಲಿ ಸಿಕ್ಕ ಮೂಕಿ ಹಾಸ್ಯಚಿತ್ರದ ರೀಲಿಗೆ ಬೆಲೆಯುಂಟೇ?

ಪ್ರಶ್ನೆ (ದಾವಣಗೆರೆ): ಕಳೆದ ತಿಂಗಳು ಚಿತ್ರದುರ್ಗದ ಗುಜರಿ ಅಂಗಡಿಯೊಂದರಲ್ಲಿ, ತುಕ್ಕು ಹಿಡಿದ ತಗಡಿನ ಡಬ್ಬಿಯೊಳಗೆ 16 ಮಿ.ಮೀ. ರೀಲೊಂದು ಸಿಕ್ಕಿತು. ಬೆಳಕಿಗೆ ಹಿಡಿದರೆ ಬಿಗಿಯಾದ ಕೋಟು, ದೊಗಳೆ ಪ್ಯಾಂಟು, ಬೆತ್ತದ ಚಾಪ್ಲಿನ್ ಕಾಣುತ್ತಾರೆ. ಡಬ್ಬಿ ತೆರೆದೊಡನೆ ಹುಳಿ ವಾಸನೆ ಬರುತ್ತದೆ. ಇದು ಸಂಗ್ರಹಯೋಗ್ಯವೇ?

ಉತ್ತರ 1: ಆ ಹುಳಿ ವಾಸನೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೊಳೆಯುತ್ತಿರುವುದರ ಲಕ್ಷಣ. ಒಮ್ಮೆ ಆರಂಭವಾದರೆ ನಿಲ್ಲದು, ಪಕ್ಕದ ರೀಲುಗಳಿಗೂ ತಗಲುತ್ತದೆ. ಆದ್ದರಿಂದ ಅದನ್ನು ಬೇರೆಯಾಗಿ, ತಂಪಾದ ಒಣ ಜಾಗದಲ್ಲಿಡಿ. ನಮ್ಮೂರಿನ ಬೇಸಿಗೆಯಲ್ಲಿ ಅಟ್ಟವಂತೂ ಬೇಡವೇ ಬೇಡ. ಬೆಂಕಿಯ ಭಯ ಬೇಡ: ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಇದ್ದದ್ದು 35 ಮಿ.ಮೀ. ಪ್ರತಿಗಳಲ್ಲಿ, 1923ರಲ್ಲಿ ಕೊಡಾಕ್ ತಂದ 16 ಮಿ.ಮೀ. ಮನೆಬಳಕೆಗೆಂದೇ ಸುರಕ್ಷಿತವಾದ ಈ ಅಸಿಟೇಟ್ ಫಿಲ್ಮಿನದು. ಬೆಲೆಯ ವಿಚಾರದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಚಾಪ್ಲಿನ್‌ರ ಕಿರುಚಿತ್ರಗಳ ಪ್ರತಿಗಳು ಧಾರಾಳವಾಗಿವೆ.

ಉತ್ತರ 2: ಬೆಲೆ ಹಾಗಿರಲಿ, ಮೂಕಿ ಹಾಸ್ಯದ ಸೊಗಸು ಬೇರೆಯೇ. 1928ರ ಚಿತ್ರವೊಂದರಲ್ಲಿ ಚಾಪ್ಲಿನ್‌ರ ಕಾಲದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಮನೆಯ ಮುಂಗೋಡೆಯೇ ಉರುಳುತ್ತದೆ. ಅವರು ನಿಂತ ಜಾಗಕ್ಕೆ ಸರಿಯಾಗಿ ತೆರೆದ ಕಿಟಕಿ ಬರುವುದರಿಂದ ಬದುಕುತ್ತಾರೆ. ಅದು ನಿಜವಾದ ಗೋಡೆ, ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗದು. ಇನ್ನು, ಪ್ರೊಜೆಕ್ಟರ್ ಸಿಕ್ಕರೆ ವೇಗವನ್ನು ಗಮನಿಸಿ. ಮೂಕಿಗೆ ಹೊಂದುವ, ಸೆಕೆಂಡಿಗೆ ಸುಮಾರು 16 ಚೌಕಟ್ಟಿನ ವೇಗದಲ್ಲಿ 400 ಅಡಿ ರೀಲು 16 ನಿಮಿಷ ಮೀರಿ ಓಡುತ್ತದೆ, ಮಾತಿನ ಚಿತ್ರಗಳ 24ರ ವೇಗದಲ್ಲಿ 11 ನಿಮಿಷಕ್ಕೇ ಮುಗಿಯುತ್ತದೆ. ಮೂಕಿಗಳಲ್ಲಿ ಜನ ಸದಾ ಓಡುತ್ತಾರೆಂಬ ನಮ್ಮ ತಿಳಿವಳಿಕೆಯ ಅರ್ಧ ಪಾಲು ಈ ತಪ್ಪು ವೇಗದ ಕೊಡುಗೆ.

ಉತ್ತರ 1: ಓಡಿಸುವ ಮೊದಲು ಫಿಲ್ಮ್ ಕುಗ್ಗಿದೆಯೇ ನೋಡಿ, ಕುಗ್ಗಿದ್ದರೆ ಹಲ್ಲುಚಕ್ರ ಅಂಚಿನ ರಂಧ್ರಗಳನ್ನು ಹರಿದುಬಿಡುತ್ತದೆ.