ಅಜ್ಜಿ ಊರು ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದೆ, ಮನೆಯವರೆಲ್ಲಾ ಸೇರಿ ಕರ್ಕೊಂಡು ಹೋಗ್ಬೇಕು, ಗೊತ್ತಿರೋರು ಹೇಳಿ

ನಾಗರಭಾವಿ_ಮೊಮ್ಮಗಳು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಜ್ಜಿಗೆ, ಅಂದ್ರೆ ಅಪ್ಪನ ಅಮ್ಮನಿಗೆ, ಈಗ 80. ಸಾಗರ ತಾಲೂಕು, ಮಡೆನೂರು ಹತ್ರ ಶರಾವತಿ ದಡದ ಊರು. ತವರು ಮನೆ ಹೊಳೆಯ ಈಚೆ, ಗಂಡನ ಮನೆ ಆಚೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಎರಡೂ ಮುಳುಗಿದ್ವು. ಆಗ ಅಜ್ಜಿಗೆ 18, ಮದುವೆ ಆಗಿ ಒಂದು ವರ್ಷ ಆಗಿತ್ತಂತೆ. ಪಾತ್ರೆ ಪಗಡ, ಎರಡು ದನ, ದೇವರ ಪೆಟ್ಟಿಗೆ ಎಲ್ಲಾ ಒಂದೇ ಲಾರಿಗೆ ಹಾಕ್ಕೊಂಡು ಶಿವಮೊಗ್ಗ ಹತ್ರ ಕಾಡು ಕಡಿದು ಕೊಟ್ಟ ಜಾಗಕ್ಕೆ ಬಂದ್ರು, ಅಲ್ಲಿಂದ ಅಪ್ಪ ಕೆಲಸ ಅಂತ ಬೆಂಗಳೂರಿಗೆ ಬಂದ್ರು, ತಾತ ಹೋದ್ಮೇಲೆ ಅಜ್ಜಿನೂ ನಮ್ಮ ಜೊತೆ ನಾಗರಭಾವಿಲೇ ಇದಾರೆ. ಈ ಅರವತ್ತು ಚಿಲ್ಲರೆ ವರ್ಷದಲ್ಲಿ ಒಂದು ಸಲಾನೂ ಆ ಕಡೆ ಹೋಗಿಲ್ಲ. ಅದೇ ಹಿನ್ನೀರಿನ ಆಚೆ ಇರೋ ಸಿಗಂದೂರು ದೇವಸ್ಥಾನಕ್ಕೆ ಹೋಗೋಣ ಅಂತ ಎಷ್ಟು ಸಲ ಕರೆದ್ರೂ ಬೇಡ ಅಂತಿದ್ರು, ಯಾಕೆ ಅಂತ ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ.

ಈ ಸಲ ಭೂಮಿ ಹುಣ್ಣಿಮೆಗೆ ಅಜ್ಜಿ ಹಳೇ ಬೂಮಣ್ಣಿ ಬುಟ್ಟಿ (ಹಬ್ಬದ ದಿನ ಗದ್ದೆಗೆ ಎಡೆ ಹೊತ್ಕೊಂಡು ಹೋಗೋ ಬುಟ್ಟಿ) ತೆಗೆಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಲ್ಲಿ ಚಿತ್ತಾರ ಬರೀತಾ ಕೂತಿದ್ರು. ನನ್ನ ಮಗ, ಮೂರನೇ ಕ್ಲಾಸು, ಈ ಬುಟ್ಟಿ ಯಾವ ಗದ್ದೆಗೆ ತಗೊಂಡು ಹೋಗ್ತಿದ್ರಿ ಮುತ್ತಜ್ಜಿ ಅಂತ ಕೇಳ್ದ. ನಾನು ಫೋನಲ್ಲಿ ಮ್ಯಾಪ್ ತೆಗೆದು ತೋರಿಸಿದೆ. ಅಜ್ಜಿ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿ, "ಇದ್ರಾಗೆ ಬರೀ ನೀರೇ ಕಾಣ್ತದೆ, ನಮ್ಮನೆ ಎಲ್ಲಿ" ಅಂದ್ರು. ಆಮೇಲೆ ರಾತ್ರಿ ಊಟ ಮಾಡೋವಾಗ ಅವರಾಗೇ "ಬೇಸಿಗೇಲಿ ನೀರು ಇಳೀತದಂತೆ, ಒಂದ್ಸಲ ಹೋಗಿ ಬರಾಣ" ಅಂದ್ರು. ಅಪ್ಪ ಊಟ ಬಿಟ್ಟು ಎದ್ದು ಹೋದ್ರು, ಕಣ್ಣಲ್ಲಿ ನೀರು.

ಈಗ ಕೇಳೋದು ಇಷ್ಟೇ. ನೀರು ಯಾವಾಗ ಇಳಿಯುತ್ತೆ, ಅಲ್ಲಿಗೆ 80 ವರ್ಷದವರನ್ನ ಕರ್ಕೊಂಡು ಹೋಗೋಕೆ ಆಗುತ್ತಾ? ಜಾಗ ಗುರುತು ಹಿಡಿಯೋದು ಹೇಗೆ, ನಮ್ಮ ಹತ್ರ ಪಹಣಿ ಗಿಹಣಿ ಏನೂ ಇಲ್ಲ, ತಾತನ ಹೆಸರಲ್ಲಿ ಏನೂ ಇರ್ಲೇ ಇಲ್ವಂತೆ. ಇನ್ನೊಂದು, ದೊಡ್ಡಪ್ಪ ಬೇಡ್ವೇ ಬೇಡ ಅಂತಿದಾರೆ, ಬಿಪಿ ಇದೆ, ಅಲ್ಲಿ ಹೋಗಿ ಬರೀ ಕೆಸರು ನೋಡಿ ಮನಸಿಗೆ ಹಚ್ಕೊಂಡ್ರೆ ಏನ್ ಮಾಡ್ತೀಯ ಅಂತ. ಅವರು ಹೇಳೋದೂ ತಪ್ಪಲ್ಲ ಅನ್ಸುತ್ತೆ. ಒಟ್ಟು ಹದಿಮೂರು ಜನ ಹೊರಡ್ತೀವಿ, ಅದ್ರಲ್ಲಿ ಮಕ್ಕಳು ನಾಲ್ಕು.

ಹೊಳೆಬಾಗಿಲು_ದಾರಿ:

ಸಾಗರದವನು ನಾನು, ಈಗ ಪೀಣ್ಯದಲ್ಲಿ ಕೆಲಸ. ಮೊದಲು ಟೈಮ್ ಹೇಳ್ತೀನಿ. ಡ್ಯಾಮ್ ತುಂಬಿದ್ರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ, ಆಗ ಏನೂ ಕಾಣಲ್ಲ, ಸುಮಾರು 300 ಚದರ ಕಿಲೋಮೀಟರ್ ಬರೀ ನೀರು. ಕರೆಂಟಿಗೆ ಬಿಡ್ತಾ ಬಿಡ್ತಾ ಮಾರ್ಚ್ ಹೊತ್ತಿಗೆ ಇಳಿಯೋಕೆ ಶುರು ಆಗಿ ಏಪ್ರಿಲ್ ಕೊನೆ ಮೇ ತಿಂಗಳಲ್ಲಿ ಪೂರ್ತಿ ಇಳಿದಿರುತ್ತೆ, ಜೂನಲ್ಲಿ ಮಳೆ ಹಿಡಿದ್ರೆ ಮುಗೀತು. ಆದ್ರೆ ಎಲ್ಲಾ ವರ್ಷ ಒಂದೇ ತರ ಇಳಿಯಲ್ಲ ಮಾರಾಯ್ರೆ, ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿದ್ರೆ ಮೇ ಕೊನೇಲೂ ನೀರು ಜಾಸ್ತಿ ಇರುತ್ತೆ. ಶಿವಮೊಗ್ಗ ಕಡೆ ಪೇಪರಲ್ಲಿ ಜಲಾಶಯದ ಮಟ್ಟ ಹಾಕ್ತಾರೆ, ಏಪ್ರಿಲ್ ಮೊದಲ ವಾರದಿಂದ ನೋಡ್ತಾ ಇರಿ, ಆಮೇಲೆ ಡೇಟ್ ಫಿಕ್ಸ್ ಮಾಡಿ.

ಜಾಗ ಗುರುತು ಹಿಡಿಯೋಕೆ ನಿಮಗೆ ಸಿಗೋ ದೊಡ್ಡ ಗುರುತು ಮಡೆನೂರು ಡ್ಯಾಮ್. ಹಿರೇಭಾಸ್ಕರ ಡ್ಯಾಮ್ ಅಂತಾನೂ ಅಂತಾರೆ. ಜೋಗದ ಮೊದಲನೇ ಪವರ್ ಹೌಸಿಗೆ ನೀರು ನಿಲ್ಲಿಸೋಕೆ 1940ರ ದಶಕದಲ್ಲಿ ಕಟ್ಟಿದ್ದು, ಲಿಂಗನಮಕ್ಕಿ ಬಂದ್ಮೇಲೆ ಆ ಡ್ಯಾಮೇ ಮುಳುಗಿ ಹೋಯ್ತು. ನೀರು ತುಂಬಾ ಇಳಿದ ವರ್ಷ ಅದು ಇಡಿಯಾಗಿ ಮೇಲೆ ಬರುತ್ತೆ. ಅಜ್ಜಿ ಚಿಕ್ಕವರಿದ್ದಾಗ ಆ ಡ್ಯಾಮ್ ನೋಡ್ಕೊಂಡೇ ಬೆಳೆದಿರ್ತಾರೆ, ಅದು ಕಂಡ್ರೆ ನಮ್ಮನೆ ಯಾವ ದಿಕ್ಕು, ಗದ್ದೆ ಯಾವ ದಿಕ್ಕು ಅಂತ ಅವರೇ ಹೇಳ್ತಾರೆ ನೋಡಿ. ಮ್ಯಾಪ್‌ಗಿಂತ ಅವರ ನೆನಪೇ ಜಾಸ್ತಿ ಸರಿ ಇರುತ್ತೆ.

ನಡೆಯೋ ವಿಷ್ಯ ಮಾತ್ರ ಹುಷಾರು. ಮೇಲೆ ನೋಡಿದ್ರೆ ನೆಲ ಒಣಗಿ ಬಿರುಕು ಬಿಟ್ಟಿರುತ್ತೆ, ಕಾಲಿಟ್ರೆ ಒಳಗೆ ಮೊಣಕಾಲುದ್ದ ಹೂಳು. ನೀರಿನ ಅಂಚಿಗೆ ಹೋಗ್ಲೇಬೇಡಿ, ಮಕ್ಕಳನ್ನ ಅಂತೂ ಕೈ ಬಿಡ್ಬೇಡಿ. ಆ ಕಡೆ ಊರಿನವರನ್ನೇ ಯಾರನ್ನಾದ್ರೂ ಜೊತೆಗೆ ಕರ್ಕೊಳ್ಳಿ, ಜೀಪ್ ಎಲ್ಲಿ ತನಕ ಹೋಗುತ್ತೆ ಅನ್ನೋದು ಅವರಿಗೇ ಗೊತ್ತು. ಕೆಲವು ಕಡೆ ಅಭಯಾರಣ್ಯದ ಗಡಿ ಬರುತ್ತೆ, ಕೆಲವು ಕಡೆ ಪವರ್ ಕಾರ್ಪೊರೇಶನ್‌ನವರು ಬಿಡಲ್ಲ, ಅದನ್ನೂ ಮೊದಲೇ ಕೇಳ್ಕೊಂಡಿರಿ. ಮರ ಒಂದೂ ಇರಲ್ಲ, ಬರೀ ಬೊಡ್ಡೆ. ಬೆಳಗ್ಗೆ ಏಳಕ್ಕೆ ಹೋಗಿ ಹತ್ತರೊಳಗೆ ವಾಪಸ್ ಬರಬೇಕು.

ರೈಲು_ಪ್ರೀತಿ:

ಕಾರಲ್ಲಿ ಬೇಡ, ಅಜ್ಜಿಗೆ ಕಷ್ಟ. ಮೈಸೂರು ತಾಳಗುಪ್ಪ ರೈಲು ರಾತ್ರಿ ಬೆಂಗಳೂರು ಮೇಲೇ ಹೋಗುತ್ತೆ, ಬೆಳಗ್ಗೆ ಸಾಗರ ಜಂಬಗಾರು ಸ್ಟೇಷನ್ನಲ್ಲಿ ಇಳೀಬಹುದು. ಲೋವರ್ ಬರ್ತ್ ಬುಕ್ ಮಾಡಿ. ಮೇ ತಿಂಗಳು ರಜೆ ಟೈಮ್, ಟಿಕೆಟ್ ಬೇಗ ಖಾಲಿ ಆಗುತ್ತೆ, ಬುಕಿಂಗ್ ಓಪನ್ ಆದ ದಿನಾನೇ ಮಾಡ್ಬಿಡಿ. ಇನ್ನೊಂದು, ಸಿಗಂದೂರು ಕಡೆಗೆ ಹಿನ್ನೀರು ದಾಟೋ ಹೊಳೆಬಾಗಿಲಲ್ಲಿ ಈಗ ಲಾಂಚ್ ಕಾಯೋ ಕೆಲಸ ಇಲ್ಲ, 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಗಿದೆ, ಗಾಡಿ ಸೀದಾ ತುಮರಿ ಕಡೆ ಹೋಗುತ್ತೆ.

ಮುಳುಗಡೆ_ಮನೆತನ:

ನಾನೂ ಮುಳುಗಡೆ ಮನೆಯವನೇ, ಈಗ ಆರ್‌ಪಿಸಿ ಲೇಔಟಲ್ಲಿ ಇದೀನಿ. ನಿಮ್ಮ ಪೋಸ್ಟ್ ಓದಿ ಎರಡು ದಿನ ಬಿಟ್ಟು ಬರೀತಾ ಇದೀನಿ, ಮೊದಲ ದಿನ ಬರೆಯೋಕೆ ಆಗ್ಲಿಲ್ಲ.

ತಾತನ ಹೆಸರಲ್ಲಿ ಏನೂ ಇರ್ಲಿಲ್ಲ ಅಂದ್ರಲ್ಲ, ಅದಕ್ಕೆ ಕಾರಣ ನಿಮ್ಮ ಮನೆ ಮಕ್ಕಳಿಗೂ ಗೊತ್ತಿರ್ಲಿ. ನಿಮ್ಮ ತಾತ ಗೇಣಿಗೆ ಮಾಡ್ತಿದ್ರು ಅನ್ಸುತ್ತೆ. ಬೂಮಣ್ಣಿ ಬುಟ್ಟಿ ಅಂದ್ರಿ, ನೀವೂ ನಮ್ಮ ದೀವರ ಸಮುದಾಯದವರೇ ಇರ್ಬೇಕು, ನಮ್ಮ ಮನೆಗಳಲ್ಲಿ ಬಹಳ ಜನ ಗೇಣಿದಾರರೇ. ಗದ್ದೆ ಉಳೋದು ನಾವು, ಕಾಗದ ಒಡೆಯರ ಹೆಸರಲ್ಲಿ. 1951ರ ಕಾಗೋಡು ಸತ್ಯಾಗ್ರಹ ಅದೇ ಸಾಗರ ತಾಲೂಕಲ್ಲಿ ಅದೇ ಗೇಣಿ ವಿಷ್ಯಕ್ಕೇ ಆಗಿದ್ದು, ಸಮಾಜವಾದಿ ನಾಯಕರು ಶಾಂತವೇರಿ ಗೋಪಾಲಗೌಡರು ನಿಂತು ಹೋರಾಡಿದ್ರು, ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ್ರು. ಉಳುವವನಿಗೇ ಭೂಮಿ ಅನ್ನೋ ಕಾನೂನು ಗಟ್ಟಿಯಾಗಿ ಬಂದಿದ್ದು 1974ರಲ್ಲಿ. ನಮ್ಮ ಗದ್ದೆ ನೀರಿಗೆ ಹೋಗಿದ್ದು 1964ರಲ್ಲಿ. ಆ ಹತ್ತು ವರ್ಷ ಇದೆಯಲ್ಲ, ನಮ್ಮಪ್ಪ ಸಾಯೋ ತನಕ ಅದನ್ನೇ ಹೇಳ್ತಿದ್ರು. ಹತ್ತು ವರ್ಷ ತಡ ಆಗಿ ಡ್ಯಾಮ್ ಕಟ್ಟಿದ್ರೆ ಗದ್ದೆ ನಮ್ಮ ಹೆಸರಿಗೆ ಆಗಿರ್ತಿತ್ತು, ಪರಿಹಾರ ನಮಗೆ ಬರ್ತಿತ್ತು ಅಂತ. ಆಮೇಲೆ ಕೊಟ್ಟ ಜಾಗನೂ ದಾಖಲೆಲಿ ಕಾಡು ಅಂತಲೇ ಉಳೀತು, ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರದ ಗೋಳು ಮುಗಿದಿಲ್ಲ. ಮಡೆನೂರು ಕಡೆಯವರಲ್ಲಿ ಕೆಲವರು ಎರಡು ಸಲ ಊರು ಬಿಟ್ಟು ಎದ್ದಿದಾರೆ, ಹಳೇ ಡ್ಯಾಮಿಗೆ ಒಂದ್ಸಲ, ಲಿಂಗನಮಕ್ಕಿಗೆ ಇನ್ನೊಂದ್ಸಲ. ಹಾಗಾಗಿ ಪಹಣಿ ಹುಡುಕ್ತಾ ಕೂರಬೇಡಿ, ಸಿಗದೇ ಇದ್ರೆ ನಿಮ್ಮೂರು ಇರ್ಲೇ ಇಲ್ಲ ಅಂತ ಅಲ್ಲ.

ಈಗ ದೊಡ್ಡಪ್ಪನವರ ಮಾತಿಗೆ ಬರ್ತೀನಿ. ನಾನು ನಮ್ಮಪ್ಪನ್ನ 2017ರ ಮೇ ತಿಂಗಳಲ್ಲಿ ಕರ್ಕೊಂಡು ಹೋಗಿದ್ದೆ, ಆಗ ಅವರಿಗೆ 74. ನಾನು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡ್ಬೇಡಿ. ನಾನು ಹೋಗಿದ್ದೇ ಮನೆ ಜಾಗ ತೋರಿಸ್ಬೇಕು ಅಂತ. ಬಿಸಿಲಲ್ಲಿ ಎರಡು ಗಂಟೆ ಅವರನ್ನ ಅಲ್ಲಿ ಇಲ್ಲಿ ಓಡಾಡಿಸಿ ಇದಾ ಅಪ್ಪ, ಅದಾ ಅಪ್ಪ ಅಂತ ಕೇಳ್ತಾ ಇದ್ದೆ, ಫೋಟೋ ತೆಗೀತಾ ಇದ್ದೆ. ಅವರು ಇರಬಹುದು ಇರಬಹುದು ಅಂತಿದ್ರು. ಕೊನೆಗೆ ಒಂದು ಕಡೆ ಕಲ್ಲು ಹಾಸಿದ ಹಳೇ ಗಾಡಿ ದಾರಿ ಸಿಕ್ತು, ಹೂಳಲ್ಲಿ ಅರ್ಧ ಮುಚ್ಚಿತ್ತು, ಅಲ್ಲಿ ಚಪ್ಪಲಿ ಬಿಟ್ಟು ನಿಂತು ಇದು ಶಾಲೆಗೆ ಹೋಗ್ತಿದ್ದ ದಾರಿ ಕಣೋ ಅಂದ್ರು. ಮನೆ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ. ಅವರಿಗೆ ಬೇಕಾಗಿದ್ದು ಆ ದಾರಿ. ನಾನು ಮೊದಲೇ ಕೇಳಿದ್ರೆ ಎರಡು ಗಂಟೆ ಬಿಸಿಲು ತಪ್ಪುತ್ತಿತ್ತು.

ಅದಕ್ಕೇ ಹೇಳ್ತೀನಿ, ಟಿಕೆಟ್ ಬುಕ್ ಮಾಡೋದಕ್ಕಿಂತ ಮುಂಚೆ ಅಜ್ಜಿ ಹತ್ರ ಒಬ್ಬರೇ ಕೂತು ಅಜ್ಜಿ ನಿಮಗೆ ಅಲ್ಲಿ ಏನು ನೋಡ್ಬೇಕು ಅಂತ ಕೇಳಿ. ಹದಿಮೂರು ಜನದ ಎದುರಿಗೆ ಕೇಳ್ಬೇಡಿ. ಇನ್ನೊಂದು, ಬರೀ ನೀರಿನ ಹತ್ರ ಹೋಗಿ ವಾಪಸ್ ಬರಬೇಡಿ. ಊರು ಎದ್ದಾಗ ಜನ ಜೊತೆಗೇ ಎದ್ದಿರ್ತಾರೆ, ನಿಮ್ಮ ಅಜ್ಜಿ ವಾರಿಗೆಯ ಹೆಂಗಸರು ಶಿವಮೊಗ್ಗ ಕಡೆ ಯಾರಾದ್ರೂ ಇನ್ನೂ ಇರ್ತಾರೆ, ದೇವರನ್ನೂ ಹೊತ್ಕೊಂಡು ಬಂದು ಅಲ್ಲೇ ಪ್ರತಿಷ್ಠೆ ಮಾಡಿರ್ತಾರೆ. ಬರೋವಾಗ ಅಲ್ಲಿ ಒಂದು ದಿನ ಇದ್ದು ಬನ್ನಿ. ನಮ್ಮಪ್ಪ ಅತ್ತಿದ್ದು ಹೂಳಲ್ಲಿ ಅಲ್ಲ, ಅಲ್ಲಿ ಹಳೇ ಗೆಳೆಯನ ಜಗಲಿ ಮೇಲೆ. ಅತ್ತು ಹಗುರ ಆದ್ರು. ಬಿಪಿ ಏನೂ ಆಗ್ಲಿಲ್ಲ, ಆದ್ರೂ ಡಾಕ್ಟರ್ ಹತ್ರ ಒಂದು ಮಾತು ಕೇಳಿ, ಮಾತ್ರೆ ಎರಡು ದಿನದ್ದು ಜಾಸ್ತಿನೇ ಇಟ್ಕೊಳ್ಳಿ.

ಕೆಳದಿ_ಸೊಸೆ:

ಇದನ್ನ ಯಾರೂ ಹೇಳಿಲ್ಲ ಅದಕ್ಕೆ ಬರೀತಿದೀನಿ. ನೀವು ಹೋಗೋ ತಿಂಗಳು ಮಂಗನ ಕಾಯಿಲೆ ಕಾಲ. ಸಾಗರ ತಾಲೂಕು ಅರಳಗೋಡು ಸುತ್ತ 2019ರಲ್ಲಿ ಎಷ್ಟು ಕಷ್ಟ ಆಯ್ತು ಅಂತ ನಮಗೆ ಗೊತ್ತು. ಅದು ಉಣುಗು, ಅಂದ್ರೆ ಮೈಗೆ ಕಚ್ಕೊಂಡು ರಕ್ತ ಹೀರೋ ಸಣ್ಣ ಹುಳ, ಕಚ್ಚೋದ್ರಿಂದ ಬರೋದು, ಚಳಿಗಾಲದಿಂದ ಮೇ ತನಕ ಒಣ ತರಗೆಲೆ ಇರೋ ಕಾಡಲ್ಲಿ ಜಾಸ್ತಿ. ಮಕ್ಕಳನ್ನ ಕಾಡೊಳಗೆ ಬಿಡ್ಬೇಡಿ, ತರಗೆಲೆ ಮೇಲೆ ಕೂರಿಸಿ ತಿಂಡಿ ಕೊಡ್ಬೇಡಿ, ಮಂಗ ಸತ್ತಿದೆ ಅಂತ ಯಾರಾದ್ರೂ ಹೇಳಿದ್ರೆ ಆ ದಾರಿನೇ ಬೇಡ. ತುಂಬು ತೋಳಿನ ಬಟ್ಟೆ, ಕಾಲುಚೀಲದೊಳಗೆ ಪ್ಯಾಂಟು ಸಿಗಿಸಿ. ಊರಿನ ಸರ್ಕಾರಿ ಆಸ್ಪತ್ರೆಲಿ ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ ಕೇಳಿ, ಕೈಕಾಲಿಗೆ ಹಚ್ಕೊಂಡು ಹೋಗಿ. ವಾಪಸ್ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಬೇರೆ ನೆನೆಸಿ. ಬೆಂಗಳೂರಿಗೆ ಬಂದ್ಮೇಲೆ ಒಂದೆರಡು ವಾರದಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ ಡಾಕ್ಟರಿಗೆ ಸಾಗರ ಕಡೆ ಕಾಡಿಗೆ ಹೋಗಿದ್ವಿ ಅಂತ ಮೊದಲೇ ಹೇಳಿ, ಇಲ್ಲಿ ಅವರಾಗೇ ಅದನ್ನ ಯೋಚನೆ ಮಾಡಲ್ಲ.

ಹೆದರ್ಸೋಕೆ ಹೇಳಿದ್ದಲ್ಲ, ಹೋಗಿ ಬನ್ನಿ. ಮಕ್ಕಳಿಗೆ ಇಕ್ಕೇರಿ ದೇವಸ್ಥಾನ ತೋರಿಸಿ, ಸಾಗರದಿಂದ ಹತ್ರನೇ. ಜೋಗದಲ್ಲಿ ಮೇ ತಿಂಗಳು ನೀರು ಇರಲ್ಲ, ಅದು ಆಸೆ ಇಟ್ಕೋಬೇಡಿ.

ನಾಗರಭಾವಿ_ಮೊಮ್ಮಗಳು:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಉಣುಗಿನ ವಿಷ್ಯ ನಮ್ಮ ತಲೆಗೇ ಬಂದಿರ್ಲಿಲ್ಲ, ಅಪ್ಪಂಗೆ ಓದಿ ಹೇಳಿದೆ.

ಮುಳುಗಡೆ_ಮನೆತನ ಸರ್, ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ಮಧ್ಯಾಹ್ನ ಮನೇಲಿ ಯಾರೂ ಇರ್ಲಿಲ್ಲ, ಅಜ್ಜಿ ಕಾಳು ಬಿಡಿಸ್ತಾ ಕೂತಿದ್ರು, ಪಕ್ಕ ಕೂತು ಕೇಳ್ದೆ. ನಾನು ಮನೆ ಅಂತಾರೆ ಇಲ್ಲಾ ದೇವರ ಬನ ಅಂತಾರೆ ಅಂದ್ಕೊಂಡಿದ್ದೆ. "ತವರು ಮನೆ ಬಾವಿ" ಅಂದ್ರು. ಯಾಕೆ ಅಂದ್ರೆ ಹೊರಡೋ ದಿನ ಬೆಳಿಗ್ಗೆ ಗಂಡನ ಮನೆಯಿಂದ ದೋಣೀಲಿ ದಾಟಿ ಬಂದು ಅವರಮ್ಮನ ಜೊತೆ ಆ ಬಾವಿಂದ ಒಂದು ಕೊಡ ನೀರು ಸೇದಿದ್ರಂತೆ, ಇಬ್ಬರೂ ಕುಡಿದು ಉಳಿದ ನೀರನ್ನ ತುಳಸಿಗೆ ಹಾಕಿ ಬಂದ್ರಂತೆ. ತಾಯಿ ಮನೆಯವರಿಗೆ ಬೇರೆ ಕಡೆ ಜಾಗ ಕೊಟ್ರು, ಇವರಿಗೆ ಬೇರೆ ಕಡೆ. ಆಗ ಬಸ್ಸಿಲ್ಲ ದುಡ್ಡಿಲ್ಲ, ಅವರಮ್ಮನ್ನ ಆಮೇಲೆ ನೋಡಿದ್ದು ಎರಡೇ ಸಲ. ಇಷ್ಟು ವರ್ಷದಲ್ಲಿ ಇದನ್ನ ಅಪ್ಪಂಗೂ ಹೇಳಿರ್ಲಿಲ್ಲ. ಸಿಗಂದೂರು ಯಾಕೆ ಬೇಡ ಅಂತಿದ್ರು ಅಂತಾನೂ ಈಗ ಗೊತ್ತಾಯ್ತು, ಲಾಂಚಲ್ಲಿ ಹೋಗೋವಾಗ ಕೆಳಗೆ ಬಾವಿ ಇರ್ತದೆ ಅಂತ ನೆನೆಸ್ಕೊಂಡ್ರೆ ಆಗ್ತಿರ್ಲಿಲ್ವಂತೆ.

ದೊಡ್ಡಪ್ಪಂಗೆ ಫೋನ್ ಮಾಡಿ ಇದನ್ನ ಹೇಳ್ದೆ. ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ನಾನೂ ಬರ್ತೀನಿ ಅಂದ್ರು. ಈಗ ಹದಿನಾಲ್ಕು ಜನ.

ಒಂದೇ ಪ್ರಶ್ನೆ ಉಳಿದಿದೆ, ಬಾವಿ ಗುರುತು ಏನಾದ್ರೂ ಉಳಿದಿರುತ್ತಾ ಇಷ್ಟು ವರ್ಷ ಆದ್ಮೇಲೆ?

ಹೊಳೆಬಾಗಿಲು_ದಾರಿ:

ಕಲ್ಲು ಕಟ್ಟಿದ ಬಾವಿ ಆಗಿದ್ರೆ ಬಾಯಿ ಹತ್ರದ ಕಲ್ಲು ಉಳಿದಿರಬಹುದು, ಒಳಗೆಲ್ಲಾ ಹೂಳು ತುಂಬಿರುತ್ತೆ. ನೀರು ಅಷ್ಟು ಇಳೀಬೇಕು, ಜಾಗ ಎತ್ತರದಲ್ಲಿರಬೇಕು, ಹೊಳೆ ಪಕ್ಕದಲ್ಲೇ ಇದ್ದಿದ್ರೆ ಸಿಗೋದು ಕಷ್ಟ, ಅಜ್ಜಿಗೆ ಅದನ್ನ ಹೊರಡೋದಕ್ಕಿಂತ ಮುಂಚೆನೇ ಮೆಲ್ಲಗೆ ಹೇಳಿಡಿ. ಮನೆ ಹಿಂದೆ ಗುಡ್ಡ ಇತ್ತಾ, ಬಾವಿಯಿಂದ ನೋಡಿದ್ರೆ ಡ್ಯಾಮ್ ಎಡಕ್ಕೆ ಕಾಣ್ತಿತ್ತಾ ಬಲಕ್ಕಾ, ಇಷ್ಟು ಕೇಳಿ ಬರೆದಿಡಿ. ನಮ್ಮ ದೊಡ್ಡಮ್ಮನ ಮನೆ ಹಿನ್ನೀರಿನ ಅಂಚಲ್ಲೇ ಇದೆ, ಬೇಸಿಗೇಲಿ ಅವರು ದನ ಮೇಯಿಸೋಕೆ ಆ ಕಡೆನೇ ಹೊಡ್ಕೊಂಡು ಹೋಗೋದು, ಎಲ್ಲೆಲ್ಲಿ ಕಲ್ಲು ಎದ್ದಿದೆ ಅಂತ ಅವರಿಗೆ ಗೊತ್ತಿರುತ್ತೆ. ಏಪ್ರಿಲ್ ಮೂರನೇ ವಾರ ನಾನು ಊರಿಗೆ ಹೋಗ್ತೀನಿ, ಹೋಗಿ ನೋಡಿ ಇಲ್ಲೇ ಬರೀತೀನಿ. ಅಜ್ಜಿಗೆ ಊರುಗೋಲು ತನ್ನಿ, ತುದಿಗೆ ರಬ್ಬರ್ ಇರೋದು ಬೇಡ, ಹೂಳಲ್ಲಿ ಕಳಚ್ಕೊಳ್ಳುತ್ತೆ, ಉದ್ದದ ಬಿದಿರು ಕೋಲು ಒಳ್ಳೇದು.