ಡಾಸ್‌ಬಾಕ್ಸ್‌ನಲ್ಲಿ ಬಟವಾಡೆ ಪ್ರೋಗ್ರಾಂ: ಹೆಸರಿನ ಜಾಗದಲ್ಲಿ ಬರೀ ಗೆರೆಗಳು

ಮೂಡಿಗೆರೆ ತೋಟ:
ನಮ್ಮ ಕಾಫಿ ತೋಟದ ವಾರದ ಬಟವಾಡೆ ಲೆಕ್ಕವೆಲ್ಲ ಫಾಕ್ಸ್‌ಪ್ರೋದಲ್ಲಿ (ಡಾಸ್ ಕಾಲದ ಡೇಟಾಬೇಸ್ ಸಾಫ್ಟ್‌ವೇರ್) ಬರೆಸಿದ ಹಳೆಯ ಪ್ರೋಗ್ರಾಂನಲ್ಲಿದೆ. ಹಳೆಯ ಕಂಪ್ಯೂಟರ್ ಕೈಕೊಟ್ಟಿದ್ದರಿಂದ ಇಡೀ ಫೋಲ್ಡರನ್ನು ವಿಂಡೋಸ್ 11 ಲ್ಯಾಪ್‌ಟಾಪಿಗೆ ಹಾಕಿ, ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಆದ ಡಾಸ್‌ಬಾಕ್ಸ್‌ನಲ್ಲಿ ತೆರೆದರೆ ಹಾಜರಿ, ದರ, ಮುಂಗಡ ಎಲ್ಲವೂ ಸರಿಯಾಗಿವೆ. ಆಳುಗಳ ಹೆಸರಿನ ಅಂಕಣದಲ್ಲಿ ಮಾತ್ರ ಗೆರೆಗಳು, ಮೂಲೆಗಳು ತುಂಬಿವೆ. ಶನಿವಾರ ಬಟವಾಡೆ ಆಗಲೇಬೇಕು. ಹೊಸ ಸಾಫ್ಟ್‌ವೇರ್ ಕೊಳ್ಳಿ ಎಂಬ ಉಪದೇಶ ದಯವಿಟ್ಟು ಬೇಡ.

ಬೇಲೂರು ಬ್ಯಾಚ್‌ಫೈಲ್:
ಇದು ಕೋಡ್ ಪೇಜ್ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ) ಸಮಸ್ಯೆ, ಅನುಮಾನವೇ ಬೇಡ. ಡಾಸ್‌ಬಾಕ್ಸ್ ಸಾಮಾನ್ಯವಾಗಿ 437ರಲ್ಲಿ ಏಳುತ್ತದೆ. ಕೀಬ್ ಆಜ್ಞೆಯಿಂದ 850ಕ್ಕೆ ಬದಲಾಯಿಸಿ ನೋಡಿ.

ಸಕಲೇಶಪುರ 486:
ಎಮ್ಯುಲೇಟರ್ ನಂಬಿದರೆ ಹೀಗೇ ಆಗುವುದು. ನನ್ನಲ್ಲಿ ಡಾಸ್ 6.22 ಇರುವ ಅಸಲಿ 486 (ತೊಂಬತ್ತರ ದಶಕದ ಕಂಪ್ಯೂಟರ್) ಇಂದಿಗೂ ಓಡುತ್ತಿದೆ.

ಬೇಲೂರು ಬ್ಯಾಚ್‌ಫೈಲ್:
ಮಲೆನಾಡಿನ ಮಳೆಗಾಲದ ತೇವದಲ್ಲಿ ಎಲ್ಲರೂ 486 ಸಾಕಲಾಗುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಎನ್‌ಟಿವಿಡಿಎಂ (ಡಾಸ್ ಪ್ರೋಗ್ರಾಂ ಓಡಿಸುವ ವಿಂಡೋಸ್ ಭಾಗ) ಇಲ್ಲದಿರುವಾಗ ಎಮ್ಯುಲೇಟರ್ ಅಲ್ಲದೆ ಅವರಿಗೆ ಬೇರೆ ಯಾವ ದಾರಿಯಿದೆ?

ಮೂಡಿಗೆರೆ ತೋಟ:
850 ಹಾಕಿದೆ. ಕೆಲವು ಗೆರೆಗಳು ಹೋಗಿ ಯಾವುದೋ ಪರದೇಶಿ ಅಕ್ಷರಗಳು ಬಂದವು, ಅಷ್ಟೇ.

ಬೇಲೂರು ಬ್ಯಾಚ್‌ಫೈಲ್:
ಬದಲಾಯಿತಲ್ಲ, ಅಂದರೆ ದಾರಿ ಸರಿಯಿದೆ. 852 ಪ್ರಯತ್ನಿಸಿ.

ಹಾಸನ ಐಎಸ್‌ಎ:
852 ಪೂರ್ವ ಯುರೋಪಿನ ಭಾಷೆಗಳಿಗೆ ಇರುವುದು. ಅದಕ್ಕಿಂತ ಮೊದಲು ಒಂದು ಪ್ರಶ್ನೆ: ಆ ಹೆಸರುಗಳು ಯಾವ ಲಿಪಿಯಲ್ಲಿದ್ದವು?

ಮೂಡಿಗೆರೆ ತೋಟ:
ಕನ್ನಡದಲ್ಲೇ, ಇನ್ನಾವುದರಲ್ಲಿ? ಹಳೆಯ ಪೆಟ್ಟಿಗೆಯೊಳಗೆ ಜಿಸ್ಟ್ ಎಂದು ಬರೆದ ಉದ್ದನೆಯ ಕಾರ್ಡೊಂದಿತ್ತು. ಪೆಟ್ಟಿಗೆ ಈಗಾಗಲೇ ಗುಜರಿಗೆ ಹೋಗಿದೆ.

ಹಾಸನ ಐಎಸ್‌ಎ:
ಇದನ್ನು ಮೊದಲ ಸಾಲಿನಲ್ಲೇ ಹೇಳಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು ಡಾಸ್‌ನಲ್ಲಿ ಭಾರತೀಯ ಲಿಪಿಗಳನ್ನು ತೋರಿಸುತ್ತಿತ್ತು. ಫೈಲಿನಲ್ಲಿ ಉಳಿಯುತ್ತಿದ್ದದ್ದು ಇಸ್ಕಿ (ಭಾರತೀಯ ಲಿಪಿಗಳ ಪ್ರಮಾಣಿತ ಸಂಕೇತ ಪದ್ಧತಿ) ಸಂಕೇತಗಳು ಮಾತ್ರ. ಉದಾಹರಣೆಗೆ ‘ಕಮಲ’ ಎಂದರೆ 179, 204, 209. ಕಾರ್ಡಿಲ್ಲದ ಯಂತ್ರ 437ರ ಪ್ರಕಾರ 179ನ್ನು ನಿಲುವುಗೆರೆಯಾಗಿಯೂ ಉಳಿದೆರಡನ್ನು ಜೋಡಿಗೆರೆಯ ಕೂಡುಗಳಾಗಿಯೂ ಬಿಡಿಸುತ್ತದೆ. ಯಾವ ಕೋಡ್ ಪೇಜ್ ಹಾಕಿದರೂ ಡಾಸ್‌ಬಾಕ್ಸ್‌ಗೆ ಒತ್ತು, ಕಾಗುಣಿತ ಕೂಡಿಸಲು ಬರುವುದಿಲ್ಲ. ಮಾಹಿತಿ ಹಾಳಾಗಿಲ್ಲ, ಗಾಬರಿ ಬೇಡ. ಕನ್ನಡ ಇಸ್ಕಿಗೆಂದು ವಿಂಡೋಸ್‌ನಲ್ಲೇ 57008 ಎಂಬ ಕೋಡ್ ಪೇಜ್ ಇದೆ. ವಿಂಡೋಸ್‌ನ ಆಜ್ಞಾ ಸಾಧನ ಪವರ್‌ಶೆಲ್‌ನಿಂದ ಹೆಸರಿನ ಅಂಕಣವನ್ನು ಓದಿ ಯುನಿಕೋಡ್‌ಗೆ ತನ್ನಿ. ಆದರೆ ಇಡೀ ಡಿಬಿಎಫ್ (ಫಾಕ್ಸ್‌ಪ್ರೋ ಮಾಹಿತಿಯ) ಫೈಲನ್ನು ಪರಿವರ್ತಿಸಬೇಡಿ: ಅದರ ಪ್ರತಿ ದಾಖಲೆಗೂ ಅಳತೆ ನಿಗದಿಯಾಗಿರುತ್ತದೆ, ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತ ಮೂರು ಬೈಟ್ ಹಿಡಿಯುತ್ತದೆ, ಅಂಕಣಗಳೆಲ್ಲ ಪಲ್ಲಟವಾಗುತ್ತವೆ.

ಸಕಲೇಶಪುರ 486:
ಜಿಸ್ಟ್ ಕಾರ್ಡು ಎಲ್ಲಾದರೂ ಸಿಕ್ಕಿದರೆ ತಿಳಿಸಿ, ನನ್ನ 486ರಲ್ಲಿ ಅಂಥ ಕಾರ್ಡು ಸಿಕ್ಕಿಸುವ ಐಎಸ್‌ಎ ಸ್ಲಾಟ್ ಖಾಲಿಯಿದೆ.

ಮೂಡಿಗೆರೆ ತೋಟ:
ಹೆಸರುಗಳೆಲ್ಲ ಕನ್ನಡದಲ್ಲೇ ಎಕ್ಸೆಲ್‌ಗೆ ಬಂದವು. ಪ್ರೋಗ್ರಾಂನೊಳಗೆ ಇನ್ನೂ ಗೆರೆಗಳೇ ಇವೆ. ಈ ಶನಿವಾರ ಆಳಿನ ನಂಬರಿಗೆ ಎಕ್ಸೆಲ್ ಪಟ್ಟಿಯ ಹೆಸರು ಹೊಂದಿಸಿ ಹಣ ಹಂಚುತ್ತೇವೆ. ಅದೇ ಅಂಕಣದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ತುಂಬಬಹುದೇ?

ಹಾಸನ ಐಎಸ್‌ಎ:
ತುಂಬಬಹುದು, ಆದರೆ ಮೂಲ ಫೋಲ್ಡರಿನ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಂಡ ನಂತರ. ಹೆಸರಿನ ಮೇಲೆ ಇಂಡೆಕ್ಸ್ (ಹುಡುಕಲು ಬಳಸುವ ಸೂಚಿ) ಇದ್ದರೆ ಅದನ್ನೂ ಮತ್ತೆ ಕಟ್ಟಬೇಕಾಗುತ್ತದೆ.